ಪಿಸ್ತೂಲು ತಗಳ್ಳೋದು ಕೈಗೆ, ರೀಲ್ಸಿಗಲ್ಲ

ಅಲ್ರೀ, ಮಂಡಕ್ಕಿ ಮೆಣಸಿನಕಾಯಿ ತಿನ್ನೋ ಜಾಗದಲ್ಲೂ ಈಗ ನೆಮ್ಮದಿ ಇಲ್ಲ. ಇವತ್ತು ಸಂಜೆ ಪಕ್ಕದ ಬೆಂಚಲ್ಲಿ ಚನ್ನಗಿರಿ ಕಡೆಯ ಅಡಿಕೆ ಸಾಹುಕಾರ್ರು, ಜೊತೆಗೆ ಅವರ ತಮ್ಮನ ಮಗ. ಸಾಹುಕಾರ್ರಿಗೆ ಪಿಸ್ತೂಲಿನ ಲೈಸೆನ್ಸ್ ಮಂಜೂರಾಗಿದೆಯಂತೆ. ಹುಡುಗ ಮೊಬೈಲಲ್ಲಿ ಒಂದು ರೀಲ್ಸ್ ವಿಡಿಯೋ ತೋರಿಸ್ತಾ ಒಂದೇ ಸಮ: "ದೊಡ್ಡಪ್ಪ, ಇದೇ ತಗಳ್ಳಿ, ಗ್ಲಾಕು. ಫುಲ್ ಪ್ಲಾಸ್ಟಿಕ್, ಹಗೂರ ಐತಿ. ಸೇಫ್ಟಿ ಗೀಫ್ಟಿ ತಲೆನೋವಿಲ್ಲ, ಎಳದ್ರೆ ಹೊಡೀತತಿ." ದೊಡ್ಡಪ್ಪ ತಲೆ ಆಡಿಸ್ತಾ ಇದ್ದರು. ಸೇಫ್ಟಿ ಗುಂಡಿ ಇಲ್ಲ ಅನ್ನೋದನ್ನ ಎಮ್ಮೆ ಹಾಲು ಜಾಸ್ತಿ ಕೊಡುತ್ತೆ ಅನ್ನೋ ಥರ ಹೇಳ್ತಾನಲ್ಲ, ಆ ಹುಡುಗನಿಗೆ ಏನನ್ನಬೇಕು?

ಅಲ್ಲಿ ಬಾಯಿ ಮುಚ್ಚಿಕೊಂಡು ಎದ್ದು ಬಂದೆ. ನನ್ನನ್ನ ಬಲ್ಲವರಿಗೆ ಗೊತ್ತು, ಈ ವಿಷಯಕ್ಕೆ ನನಗೆ ಬೇಗ ಸಿಟ್ಟು ಬರುತ್ತೆ. ಅದಕ್ಕೇ ಇಲ್ಲಿ ಬರೀತಿದೀನಿ.

ವಿಡಿಯೋದಲ್ಲಿದ್ದ ಆ ಗ್ಲಾಕ್ 17 ಹೊಡೆಯೋದು 9 ಎಂಎಂ ತೋಟಾ. 1959ರ ಆಯುಧ ಕಾಯ್ದೆ, 2016ರ ಆಯುಧ ನಿಯಮ, ಎರಡನ್ನೂ ಸೇರಿಸಿ ಓದಿದರೆ ಸರ್ಕಾರಿ ಪಡೆಗಳ 9 ಎಂಎಂ, .45, .303 ಇವೆಲ್ಲ ನಿಷೇಧಿತ ಬೋರ್. ಬೋರ್ ಅಂದರೆ ನಳಿಗೆಯ ತೂತಿನ ಅಳತೆ, ಚುಕ್ಕಿ ಇಟ್ಟು ಬರೆದದ್ದು ಇಂಚಿನ ಲೆಕ್ಕ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಡಿಸಿ ಆಫೀಸಿನಿಂದ ಸಿಗೋ ಮಾಮೂಲಿ ಲೈಸೆನ್ಸಿಗೆ ಅದು ಬರೋದೇ ಇಲ್ಲ. ಲೈಸೆನ್ಸ್ ಇಲ್ಲದೆ ನಿಷೇಧಿತ ಬೋರ್ ಇಟ್ಟುಕೊಂಡು ಸಿಕ್ಕಿಬಿದ್ದರೆ, 2019ರ ತಿದ್ದುಪಡಿ ಆದಮೇಲೆ, ಕಮ್ಮಿ ಅಂದರೂ 7 ವರ್ಷ, ಹೆಚ್ಚಂದರೆ 14 ವರ್ಷ ಒಳಗೆ. ರೀಲ್ಸಿನವನು ಇದನ್ನ ಹೇಳಲ್ಲ, ಯಾಕಂದರೆ ಅವನು ಕೂತಿರೋದು ಟೆಕ್ಸಾಸಿನಲ್ಲಿ. ನಮಗೆ ದಕ್ಕೋದು ಹೆಚ್ಚಾಗಿ .32, ಇಲ್ಲದಿದ್ದರೆ .22. ಪಾಲಿಮರ್, ಅದೇ ಆ ಹುಡುಗನ "ಪ್ಲಾಸ್ಟಿಕ್", ಬೇಕು ಅಂದರೂ ಆ ಬೋರಿನೊಳಗೇ ಹುಡುಕಬೇಕು.

ಆ .32 ಅನ್ನೋದರಲ್ಲೇ ಒಂದು ತೊಡಕಿದೆ. ಪಿಸ್ತೂಲಿನ .32 ಬೇರೆ, ರಿವಾಲ್ವರಿನ .32 ಬೇರೆ. ಪಿಸ್ತೂಲಿಗೆ ಬೇಕಾದ್ದು .32 ಎಸಿಪಿ. 7.65 ಎಂಎಂ ಅಂತಲೂ ಕರೀತಾರೆ, ಹಿತ್ತಾಳೆ ಕೊಳವೆ 17 ಎಂಎಂ ಉದ್ದ, ಗಿಡ್ಡ. ನಮ್ಮ ಕಾನ್ಪುರದ ರಿವಾಲ್ವರುಗಳಿಗೆ ಬೇಕಾದ್ದು .32 ಎಸ್ ಅಂಡ್ ಡಬ್ಲ್ಯೂ ಲಾಂಗ್, ಉದ್ದ ಕೊಳವೆ, ಬುಡದಲ್ಲಿ ಎದ್ದು ಕಾಣೋ ಅಂಚು. ಮನೇಲಿ ಅಪ್ಪನ ಕಾಲದ ರಿವಾಲ್ವರ್ ಇದ್ದು, ಮಗ ಪಿಸ್ತೂಲು ತಂದರೆ ಎರಡರ ತೋಟಾನೂ ಒಂದೇ ಡಬ್ಬಿಗೆ ಬೀಳುತ್ತೆ. ಗಿಡ್ಡ ತೋಟಾ ಕೆಲವು ರಿವಾಲ್ವರಿನ ತೂತಿಗೆ ಜಾರಿ ಕೂತೂ ಬಿಡುತ್ತೆ. ಕೂತಿತು ಅಂತ ಹೊಡೀಬಾರದು, ಅದರ ಒತ್ತಡ ಜಾಸ್ತಿ. ಡಬ್ಬಿ ಬೇರೆ ಬೇರೆ ಇಡಿ, ಮೇಲೆ ಬರೆದಿಡಿ.

ಇನ್ನೊಂದು. ಈ ಎಸಿಪಿ ತೋಟಾದ ಬುಡದಲ್ಲೂ ಕೂದಲೆಳೆಯಷ್ಟು ಅಂಚು ಹೊರಗಿದೆ. ಮ್ಯಾಗಜೀನಿಗೆ, ಅಂದರೆ ಹಿಡಿಯೊಳಗೆ ಕೂರೋ ತೋಟಾ ಪೆಟ್ಟಿಗೆಗೆ, ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಬೇಕು. ಹಿಂದೆ ಸಿಕ್ಕಿಕೊಂಡರೆ ಎರಡೂ ಕೊಂಡಿ ಹಾಕಿಕೊಂಡ ಹಾಗೆ. ಸ್ಲೈಡ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರೋ ಭಾಗ, ಎಷ್ಟು ಎಳೆದರೂ ತೋಟಾ ಮೇಲೆ ಬರಲ್ಲ. ಮೂತಿ ಗಿಡ್ಡ ಇರೋ ತೋಟಾಗಳಲ್ಲಿ ಇದು ಜಾಸ್ತಿ, ಒಳಗೆ ಹಿಂದೆ ಮುಂದೆ ಓಡಾಡೋಕೆ ಜಾಗ ಇರುತ್ತಲ್ಲ. ತುಂಬಿದ ಮೇಲೆ ಮೇಲಿನ ತೋಟಾವನ್ನ ಹೆಬ್ಬೆರಳಲ್ಲಿ ಒತ್ತಿ ಬಿಡಿ. ಸಲೀಸಾಗಿ ಇಳಿದು ಮೇಲೆ ಬಂದರೆ ಸರಿ. ಮೂತಿ ಕೆಳಗೆ ಮಾಡಿಕೊಂಡು ನಿಂತರೆ ಎಲ್ಲ ಖಾಲಿ ಮಾಡಿ ಮತ್ತೆ ತುಂಬಿ. ಮ್ಯಾಗಜೀನಿನ ತಳಕ್ಕೆ ಗುದ್ದಿದರೆ ಸರಿ ಹೋಗೋ ಕಾಯಿಲೆ ಅಲ್ಲ ಇದು.

ಇಷ್ಟಾದ ಮೇಲೆ ಪಾಲಿಮರ್ ಮಾತು. "ಫುಲ್ ಪ್ಲಾಸ್ಟಿಕ್" ಅಂತೆ! ಪ್ಲಾಸ್ಟಿಕ್ ಇರೋದು ಕೆಳಗಿನ ಚೌಕಟ್ಟು, ಅಂದರೆ ನಾವು ಹಿಡಿಯೋ ಭಾಗ. ಸ್ಲೈಡು, ನಳಿಗೆ, ಸ್ಪ್ರಿಂಗು ಎಲ್ಲ ಉಕ್ಕು. ಸ್ಲೈಡ್ ಓಡಾಡೋ ಹಳಿಗಳೂ ಪ್ಲಾಸ್ಟಿಕ್ಕಿನಲ್ಲಿ ಹೂತ ಉಕ್ಕಿನ ತುಂಡುಗಳೇ. ಗ್ಲಾಕಿನಲ್ಲಿ ಅಂಥ ನಾಲ್ಕು ಚಿಕ್ಕ ತುಂಡು ಇವೆ. ಇದೇನು ನಿನ್ನೆ ಮೊನ್ನೆಯ ಹೊಸ ಮಾಲೂ ಅಲ್ಲ. ಜರ್ಮನಿಯ ಹೆಕ್ಲರ್ ಅಂಡ್ ಕೋಕ್‌ನವರ ವಿಪಿ 70 ಬಂದದ್ದು 1970ರಲ್ಲಿ. ಗ್ಲಾಕು ಆಸ್ಟ್ರಿಯಾ ಸೇನೆಗಾಗಿ ಹುಟ್ಟಿದ್ದು 1980ರ ದಶಕದ ಮೊದಲಿಗೆ. ಖಾಲಿ ಗ್ಲಾಕ್ 17 ಮ್ಯಾಗಜೀನ್ ಬಿಟ್ಟು ಸುಮಾರು 625 ಗ್ರಾಂ. 1911 ಅಂತ ಕರೆಯೋ ಹಳೇ ಉಕ್ಕಿನ ಪಿಸ್ತೂಲು ಹತ್ತಿರ ಹತ್ತಿರ 1,100 ಗ್ರಾಂ. ಹಗುರ ಅನ್ನೋದು ನಿಜ.

ಆದರೆ ಹಗುರ ಅನ್ನೋದು ಪುಕ್ಕಟೆ ಬರಲ್ಲ ಸ್ವಾಮಿ. ತೂಕ ಇಳಿದಷ್ಟೂ ಒದೆತ ಕೈಗೆ ಜಾಸ್ತಿ. .32 ಬಡಪಾಯಿ ತೋಟಾ, ಅದೇನು ಒದ್ದೀತು ಅಂತೀರಿ. ಆದರೆ ಸಣ್ಣ .32 ಪಿಸ್ತೂಲುಗಳಲ್ಲಿ ಹೆಚ್ಚಿನವು ನಳಿಗೆಗೆ ಬೀಗ ಇಲ್ಲದವು. ಹೊಡೆದಾಗ ಹಿಂಭಾಗ ತಟಕ್ಕನೆ ತೆರೆದುಕೊಳ್ಳದ ಹಾಗೆ ತಡೆಯೋದು ಸ್ಲೈಡಿನ ಭಾರ ಮತ್ತು ಸ್ಪ್ರಿಂಗು, ಎರಡೇ. ಅದಕ್ಕೆ ಸ್ಪ್ರಿಂಗ್ ಗಟ್ಟಿ ಇಟ್ಟಿರ್ತಾರೆ. ದೊಡ್ಡ 9 ಎಂಎಂಗಿಂತ ಚಿಕ್ಕ .32ರ ಸ್ಲೈಡ್ ಎಳೆಯೋದೇ ಎಷ್ಟೋ ಸಲ ಕಷ್ಟ. ಇದು ವಿಡಿಯೋದಲ್ಲಿ ಕಾಣಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತೆ. ಅರವತ್ತು ದಾಟಿದ ಸಾಹುಕಾರ್ರು ಅಂಗಡೀಲಿ ಖಾಲಿ ಪಿಸ್ತೂಲಿನ ಸ್ಲೈಡನ್ನ ಹತ್ತು ಸಲ ಎಳೆದು ನೋಡಲಿ. ಎರಡು ಬೆರಳಲ್ಲಿ ಚಿವುಟಿ ಎಳೆಯೋದಲ್ಲ. ಅಂಗೈ ಸ್ಲೈಡಿನ ಮೇಲಿಟ್ಟು, ನಾಲ್ಕು ಬೆರಳಲ್ಲಿ ಆಕಡೆಯಿಂದ ತಬ್ಬಿ, ಹಿಡಿ ಇರೋ ಕೈಯನ್ನ ಮುಂದಕ್ಕೆ ನೂಕಬೇಕು. ಏಳನೇ ಸಲಕ್ಕೇ ಕೈ ಸೋತರೆ ಆ ಪಿಸ್ತೂಲು ಅವರದ್ದಲ್ಲ, ಎಷ್ಟೇ ಚಂದ ಇರಲಿ. ಅಂಥವರಿಗೆ ರಿವಾಲ್ವರೇ ವಾಸಿ. ಹೇಳಿದರೆ ಮುಖ ಸಣ್ಣ ಮಾಡ್ಕೋತಾರೆ.

ಹಿಡಿ ನೋಡೋದೂ ಹಾಗೇ. ಹೆಬ್ಬೆರಳು, ತೋರುಬೆರಳಿನ ನಡುವಿನ ಗೂಡು ಹಿಡಿಯ ಹಿಂಭಾಗಕ್ಕೆ, ಸಾಧ್ಯವಾದಷ್ಟು ಮೇಲಕ್ಕೆ ಅಂಟಿಕೊಳ್ಳಬೇಕು. ನಳಿಗೆ ಮುಂಗೈ ಮೂಳೆಯ ನೇರಕ್ಕೆ ಬರಬೇಕು. ಆಗ ತೋರುಬೆರಳಿನ ತುದಿಯ ಮೆತ್ತೆ ಟ್ರಿಗರಿನ ನಡುವೆ ತಾನಾಗಿ ಕೂತರೆ ಅಳತೆ ಸರಿ. ಬೆರಳು ಮುಟ್ಟಲಿ ಅಂತ ಹಿಡಿಯನ್ನೇ ಪಕ್ಕಕ್ಕೆ ತಿರುಗಿಸಿಕೊಂಡರೆ ಗುಂಡು ಎಡಕ್ಕೋ ಬಲಕ್ಕೋ ಹೋಗುತ್ತೆ, ಆಮೇಲೆ ಗುರಿ ಕಣ್ಣು ಸರಿ ಇಲ್ಲ ಅಂತ ಅಂಗಡಿಯವನ ಜೊತೆ ಜಗಳ. ಪಾಲಿಮರಿನ ಒಳ್ಳೇ ಗುಣ ಇಲ್ಲಿದೆ. ಕೆಲವಕ್ಕೆ ಹಿಂಬದಿಯ ಪಟ್ಟಿಯನ್ನ ಸಣ್ಣದು, ದೊಡ್ಡದು ಅಂತ ಬದಲಾಯಿಸಬಹುದು. ಡಬ್ಬಿಯೊಳಗೇ ಕೊಟ್ಟಿರ್ತಾರೆ, ಒಂದು ಪಿನ್ ತೆಗೆದು ಹಾಕೋ ಕೆಲಸ. ಬಿಚ್ಚಿ ನೋಡಿದವರನ್ನ ಬೆರಳೆಣಿಕೆಯಲ್ಲಿ ತೋರಿಸಬಹುದು. ಕಿರುಬೆರಳು ಹಿಡಿಯ ಕೆಳಗೆ ಜೋತಾಡೋ ಪುಟಾಣಿ ಮಾದರಿ ಜೇಬಿಗೆ ಚಂದ, ಹೊಡೆಯೋಕೆ ಚಂದ ಅಲ್ಲ.

ಮಣಿಕಟ್ಟು ಸಡಿಲ ಬಿಟ್ಟರೆ ಪಾಲಿಮರ್ ಪಿಸ್ತೂಲು ಮುನಿಸಿಕೊಳ್ಳುತ್ತೆ. ಸ್ಲೈಡ್ ಪೂರ್ತಿ ಹಿಂದೆ ಹೋಗಬೇಕಾದರೆ ಚೌಕಟ್ಟು ನಿಂತಲ್ಲೇ ನಿಂತಿರಬೇಕು. ಚೌಕಟ್ಟು ಹಗುರ, ಕೈಯೂ ಸಡಿಲ ಅಂದರೆ ಎರಡೂ ಕೂಡಿ ಹಿಂದೆ ಓಡ್ತವೆ. ಖಾಲಿ ಕೊಳವೆ ಹೊರಗೆ ಹಾರದೆ ಸ್ಲೈಡಿನ ಬಾಯಲ್ಲಿ ಹೊಗೆಗೂಡಿನ ಥರ ನೆಟ್ಟಗೆ ಸಿಕ್ಕಿಕೊಳ್ಳುತ್ತೆ. ಆಗ ಬರೋ ಮೊದಲ ಮಾತು "ಮಾಲು ಸರಿ ಇಲ್ರಿ". ಮಾಲಲ್ಲ ಸ್ವಾಮಿ, ಮಣಿಕಟ್ಟು.

ಈಗ ಆ "ಎಳದ್ರೆ ಹೊಡೀತತಿ". ಇಲ್ಲಿ ನನ್ನ ರಕ್ತ ಕುದಿಯೋದು. ಈ ಥರದ ಪಿಸ್ತೂಲುಗಳಲ್ಲಿ ತೋಟಾದ ಬುಡಕ್ಕೆ ಬಡಿಯೋದು ಒಳಗೇ ಓಡಾಡೋ ಸ್ಟ್ರೈಕರ್ ಅನ್ನೋ ಮೊಳೆ. ಹೊರಗೆ ಕಾಣೋ ಸುತ್ತಿಗೆ ಇಲ್ಲ, ಬಹಳಷ್ಟಕ್ಕೆ ಕೈಯಿಂದ ಹಾಕೋ ಸೇಫ್ಟಿಯೂ ಇಲ್ಲ. ಟ್ರಿಗರಿನ ನಡುವೆ ಒಂದು ಸಣ್ಣ ನಾಲಗೆ ಇರುತ್ತೆ, ಅದನ್ನೂ ಸೇರಿಸಿ ಒತ್ತಿದರೆ ಮಾತ್ರ ಟ್ರಿಗರ್ ಚಲಿಸುತ್ತೆ. ಗ್ಲಾಕಿನಲ್ಲಿ ಬೇಕಾದ ಬಲ ಸುಮಾರು ಎರಡೂವರೆ ಕೆಜಿ. ಆ ನಾಲಗೆಗೆ ಒತ್ತಿದ್ದು ಬೆರಳೋ ಪೈಜಾಮದ ಲಾಡಿಯೋ ಗೊತ್ತಾಗಲ್ಲ. ಚೀಲಕ್ಕೆ ಇಳಿಸುವಾಗ ಅಂಗಿಯ ತುದಿ ಟ್ರಿಗರ್ ಬಳೆಯೊಳಗೆ ಮಡಿಸಿಕೊಂಡರೆ ಸಾಕು, ತೊಡೆಗೆ ಗುಂಡು. ಹಾಗಾಗಿ ಟ್ರಿಗರನ್ನ ಪೂರ್ತಿ ಮುಚ್ಚೋ, ಬಾಯಿ ಮಡಚಿಕೊಳ್ಳದ ಗಟ್ಟಿ ಹೋಲ್ಸ್ಟರ್ ಇಲ್ಲದೆ ಇಂಥ ಪಿಸ್ತೂಲನ್ನ ಮನೆಯಿಂದ ಹೊರಗೆ ತೆಗೀಬೇಡಿ. ಜುಬ್ಬಾ ಜೇಬು ಹೋಲ್ಸ್ಟರ್ ಅಲ್ಲ. ಪಂಚೆಯ ಸೊಂಟ ಅಂತೂ ಅಲ್ಲವೇ ಅಲ್ಲ.

"ಅಲ್ರೀ, ಎಷ್ಟೋ ದೇಶದ ಸೇನೆ, ಪೊಲೀಸು ಅದನ್ನೇ ಇಟ್ಕೊಂಡಾರೆ, ನಿಮಗೆ ಹಳೇ ಕಬ್ಬಿಣದ ಮೋಹ" ಅಂತ ಒಬ್ಬರಾದರೂ ಕೆಳಗೆ ಬರೀತೀರಿ. ಬರೀರಿ. ನಿಜಾನೇ. ಅವರಿಗೆ ಬೆಲ್ಟು, ಹೋಲ್ಸ್ಟರು, ಹೊಡೆಯೋಕೆ ಸರ್ಕಾರಿ ತೋಟಾ, ತಲೆ ಮೇಲೆ ಒಬ್ಬ ಉಸ್ತಾದ್ ಇರ್ತಾನೆ. ನಮ್ಮ ಸಾಹುಕಾರ್ರ ಪಿಸ್ತೂಲು ವರ್ಷಕ್ಕೆ ಮುನ್ನೂರ ಅರವತ್ತು ದಿನ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿರುತ್ತೆ. ನಾನೂ ಒಪ್ಪಿಕೊಳ್ತೀನಿ, ಪಾಲಿಮರನ್ನ ಬಹಳ ಕಾಲ "ಆಟಿಗೆ ಸಾಮಾನು" ಅಂತ ಆಡಿಕೊಂಡವನು ನಾನೇ. ಆ ಮಾತು ತಪ್ಪು. ಮಾಲು ಗಟ್ಟಿ. ಯಾರ ಕೈಗೆ, ಯಾವ ಕೆಲಸಕ್ಕೆ ಅನ್ನೋದಷ್ಟೇ ನನ್ನ ತಕರಾರು. ತೋಟಕ್ಕೆ ಹಂದಿ ಬರ್ತವೆ ಅಂತ ಪಿಸ್ತೂಲು ತಗೊಳ್ಳೋರಿಗೆ ಹೇಳೋಕೆ ನನ್ನಲ್ಲಿ ಮಾತೇ ಇಲ್ಲ. ಬೇಲಿ ಹಾಕಿಸಿ.

ಬಿಚ್ಚೋ ಕ್ರಮ ಒಂದನ್ನ ಮಾತ್ರ ಬಾಯಿಪಾಠ ಮಾಡಿ. ಮೊದಲು ಮ್ಯಾಗಜೀನ್ ಹೊರಗೆ. ಆಮೇಲೆ ಸ್ಲೈಡ್ ಹಿಂದಕ್ಕೆ ಎಳೆದು ಅಲ್ಲೇ ನಿಲ್ಲಿಸಿ. ಆಮೇಲೆ ಚೇಂಬರಿಗೆ, ಅಂದರೆ ನಳಿಗೆಯ ಹಿಂದೆ ತೋಟಾ ಕೂರೋ ಗೂಡಿಗೆ, ಕಣ್ಣು ಹಾಕಿ, ಕಿರುಬೆರಳು ಇಟ್ಟು ಮುಟ್ಟಿ ನೋಡಿ. ಇದನ್ನ ತಿರುವುಮುರುವು ಮಾಡಿ ಮೊದಲು ಸ್ಲೈಡ್ ಎಳೆದರೆ ಒಂದು ತೋಟಾ ಹೊರಗೆ ಬಿತ್ತು ಅಂತ ಸಮಾಧಾನ ಆಗುತ್ತೆ, ಅಷ್ಟರಲ್ಲಿ ಮ್ಯಾಗಜೀನಿನಿಂದ ಇನ್ನೊಂದು ಒಳಗೆ ಹೋಗಿ ಕೂತಿರುತ್ತೆ. ಹಲವು ಸ್ಟ್ರೈಕರ್ ಪಿಸ್ತೂಲುಗಳನ್ನ ಬಿಚ್ಚೋಕೆ ಟ್ರಿಗರ್ ಒಂದು ಸಲ ಎಳೀಲೇಬೇಕು. ಎರಡೂ ಸೇರಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾ? ಮೂಲೇಲಿ ಒಂದು ಬಕೆಟ್ ಮರಳು ತುಂಬಿಡಿ, ಮೂತಿ ಅದರ ಕಡೆಗೇ ಇರಲಿ. ಮೇಜಿನ ಮೇಲೆ ಒಂದೇ ಒಂದು ತೋಟಾನೂ ಇರಬಾರದು.

ಎಣ್ಣೆ ವಿಷಯ. ಪ್ಲಾಸ್ಟಿಕ್ಕಿಗೆ ತುಕ್ಕಿಲ್ಲ ಅಂತ ಒರೆಸೋದನ್ನೇ ಬಿಡೋರು ಒಂದು ಕಡೆ, ಕೊಬ್ಬರಿ ಎಣ್ಣೆ ಸುರಿಯೋರು ಇನ್ನೊಂದು ಕಡೆ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತೆ, ದಿನ ಕಳೆದಂತೆ ಅಂಟಾಗುತ್ತೆ, ಬೇಸಿಗೆಯ ಧೂಳನ್ನೆಲ್ಲ ಹಿಡಿದುಕೊಳ್ಳುತ್ತೆ. ತೆಳ್ಳನೆ ಬಂದೂಕಿನ ಎಣ್ಣೆ ಹಳಿಗೆ ಒಂದೊಂದು ಹನಿ, ನಳಿಗೆಯ ಹೊರಮೈಗೆ ಒಂದು ಹನಿ ಸವರಿದರೆ ಸಾಕು. ಸ್ಟ್ರೈಕರ್ ಓಡಾಡೋ ಕೊಳವೆ ಒಣಗಿರಬೇಕು. ಅಲ್ಲಿ ಎಣ್ಣೆ ಹೋದರೆ ಮಸಿ ಸೇರಿ ಗೋಂದಾಗಿ, ಸ್ಟ್ರೈಕರ್ ಮೆಲ್ಲಗೆ ಬಡಿದು, ತೋಟಾ ಹಾರೋದೇ ಇಲ್ಲ. ತೋಟಾಗಳಿಗೆ ಎಣ್ಣೆ ಸವರಬೇಡಿ, ಬುಡದ ಕ್ಯಾಪಿನೊಳಗೆ ಇಳಿಯುತ್ತೆ. ಚರ್ಮದ ಪಟ್ಟಿಯಲ್ಲಿ ವರ್ಷಾನುಗಟ್ಟಲೆ ಬಿಡಲೂಬೇಡಿ, ಹಿತ್ತಾಳೆಗೆ ಹಸಿರು ಕಿಲುಬು ಬರುತ್ತೆ. ರಾತ್ರಿ ತುಂಬಿ ಬೆಳಿಗ್ಗೆ ತೆಗೆಯೋ ಅಭ್ಯಾಸ ಇದ್ದವರು ಅದೇ ಒಂದು ತೋಟಾವನ್ನ ತಿಂಗಳುಗಟ್ಟಲೆ ಒಳಗೆ ಹೊರಗೆ ಮಾಡಬೇಡಿ. ಪ್ರತಿ ಸಲ ಮೂತಿಗೆ ಪೆಟ್ಟು ಬಿದ್ದು ಗುಂಡು ಕೊಳವೆಯೊಳಗೆ ಕುಸಿಯುತ್ತೆ, ಹೊಡೆದಾಗ ಒತ್ತಡ ಏರುತ್ತೆ. ಪಕ್ಕದಲ್ಲಿ ಹೊಸ ತೋಟಾ ನಿಲ್ಲಿಸಿ ಎತ್ತರ ಹೋಲಿಸಿ, ಕಣ್ಣಿಗೇ ಕಾಣುತ್ತೆ.

ಚುನಾವಣೆ ಬಂದಾಗ ಠಾಣೆಗೋ ಅಂಗಡಿಗೋ ಜಮಾ ಮಾಡೋದಿದೆಯಲ್ಲ, ಆಗ ನಳಿಗೆಯೊಳಗೆ ತೆಳ್ಳಗೆ ಎಣ್ಣೆ ಬಟ್ಟೆ ಆಡಿಸಿ ಕೊಡಿ. ರಸೀದಿಯಲ್ಲಿ ನಂಬರ್ ಸರಿಯಾಗಿ ಬರೆಸಿಕೊಳ್ಳಿ. ಪಾಲಿಮರ್ ಚೌಕಟ್ಟಿನಲ್ಲಿ ನಂಬರ್ ಸಾಮಾನ್ಯವಾಗಿ ಕೆಳಗೆ ಹೂತ ಸಣ್ಣ ಲೋಹದ ಪಟ್ಟಿ ಮೇಲಿರುತ್ತೆ, ಹುಡುಕಿ ತೋರಿಸಿ. ವಾಪಸ್ ಬಂದ ದಿನ ನಳಿಗೆಯಲ್ಲಿ ಒಣ ಬಟ್ಟೆ ಎಳೆಯದೆ ತೋಟಾ ಹಾಕಬೇಡಿ.

ಆಯುಧ ಪೂಜೆ ದಿನದ್ದೂ ಹೇಳಿಬಿಡ್ತೀನಿ, ಪ್ರತಿ ವರ್ಷ ಅದೇ ಕಥೆ. ಮ್ಯಾಗಜೀನ್ ಹೊರಗೆ, ಚೇಂಬರ್ ಖಾಲಿ, ಕೆಳಗೊಂದು ಬಟ್ಟೆ. ಅರಿಶಿನ ಕುಂಕುಮ ಸ್ಲೈಡಿನ ಪಕ್ಕಕ್ಕೆ ಒಂದು ಚುಕ್ಕಿ ಇಟ್ಟರೆ ದೇವಿಗೆ ಸಾಕು, ಹಳಿ ಸಂದಿಗೆ ತುಂಬಿದರೆ ಎಣ್ಣೆ ಜೊತೆ ಕಲಸಿ ಚಟ್ನಿ ಆಗುತ್ತೆ. ನಿಂಬೆಹಣ್ಣು ಬೈಕಿನ ಗಾಲಿಗಿರಲಿ. ಅದರ ಹುಳಿ ಸ್ಲೈಡಿನ ಕಪ್ಪು ಬಣ್ಣವನ್ನ ತಿನ್ನುತ್ತೆ. ಪೂಜೆ ಮುಗಿದ ಖುಷಿಗೆ ಗಾಳಿಗೆ ಒಂದು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಬೂದುಗುಂಬಳಕಾಯಿ ಒಡೆದು ಒಳಗೆ ಬನ್ನಿ, ಸಂಜೆಯೊಳಗೆ ಕುಂಕುಮ ಒರೆಸಿ ಬೀರುವಿಗೆ ಬೀಗ ಹಾಕಿ.