ಮಧ್ಯಾಹ್ನಕ್ಕೊಂದು ಕ್ರಿಯಾಪದ

ಊಟ ಮುಗಿಸಿ ನೆರಳಲ್ಲಿ ಸುಮ್ಮನೆ ಕೂತವರನ್ನು ‘ಏನ್ ಮಾಡ್ತಿದ್ದೀರಿ?’ ಎಂದು ಕೇಳಿ ನೋಡಿ. ‘ಏನಿಲ್ಲ’ ಅನ್ನುತ್ತಾರೆ, ಅದೂ ಸ್ವಲ್ಪ ನಾಚಿಕೊಂಡು. ಇಟಲಿಯವರಿಗೆ ಈ ಫಜೀತಿ ಇಲ್ಲ. ಅವರ ಬಳಿ ಅದಕ್ಕೇ ಒಂದು ಕ್ರಿಯಾಪದವಿದೆ: ಮೆರಿಜ್ಜಾರೆ. ನಡುಮಧ್ಯಾಹ್ನದ ಬಿಸಿಲಲ್ಲಿ, ಮನೆಯ ಹೊರಗೆ, ನೆರಳು ಹುಡುಕಿ ದಣಿವಾರಿಸಿಕೊಳ್ಳುವುದು. ನಿದ್ದೆ ಕಡ್ಡಾಯವಲ್ಲ, ಊಟದ ನಂತರದ ಜೊಂಪಿಗೆ ರೋಮ್‌ನವರು ‘ಪೆನ್ನಿಕೆಲ್ಲಾ’ ಎಂಬ ಬೇರೆ ಪದವನ್ನೇ ಇಟ್ಟುಕೊಂಡಿದ್ದಾರೆ. ಮರದಡಿ ಗುಂಪುಗೂಡಿದ ಕುರಿಮಂದೆ ಮಾಡುವುದೂ ಮೆರಿಜ್ಜಾರೆಯೇ. ಮನುಷ್ಯ ಇದನ್ನು ಕುರಿಗಳಿಂದಲೇ ಕಲಿತನೆಂದು ನನ್ನ ಗುಮಾನಿ.

ಪದದ ಬೇರು ಲ್ಯಾಟಿನ್ನಿನ ‘ಮೆರಿದಿಯೆಸ್’, ಅಂದರೆ ಮಧ್ಯಾಹ್ನ. ಅದಕ್ಕೂ ಹಿಂದೆ ಅದು ‘ಮೆದಿದಿಯೆಸ್’ ಆಗಿತ್ತು: ಮೆದಿಯುಸ್ ಎಂದರೆ ನಡು, ದಿಯೆಸ್ ಎಂದರೆ ಹಗಲು. ದಕಾರದ ಬೆನ್ನಿಗೇ ಇನ್ನೊಂದು ದಕಾರ ಬಂದರೆ ನಾಲಿಗೆಗೆ ಕಷ್ಟ, ಮೊದಲನೆಯದು ರಕಾರವಾಯಿತು. ಪ್ರೈನೆಸ್ತೆ ಎಂಬ ಊರಿನ ನೆರಳು ಗಡಿಯಾರದಲ್ಲಿ ದಕಾರದ ರೂಪವನ್ನೇ ಕೆತ್ತಿದ್ದು ಕಂಡೆನೆಂದು ಕ್ರಿ.ಪೂ. 1ನೇ ಶತಮಾನದ ಪಂಡಿತ ವಾರೊ ಬರೆದಿಟ್ಟಿದ್ದಾನೆ. ಆ ಮೆದಿಯುಸ್ಸಿಗೂ ಸಂಸ್ಕೃತದ ‘ಮಧ್ಯ’ಕ್ಕೂ ಮೂಲ ಒಂದೇ. ‘ಮಧ್ಯಾಹ್ನ’ವನ್ನು ‘ಮಧ್ಯಾನ’ ಮಾಡಿಕೊಂಡ ನಾವು ರೋಮನ್ನರ ನಾಲಿಗೆಯನ್ನು ಆಡಿಕೊಳ್ಳುವ ಹಾಗಿಲ್ಲ. ನಮ್ಮ ಮೊಬೈಲಿನ ಎ.ಎಂ., ಪಿ.ಎಂ.ಗಳಲ್ಲಿರುವ ‘ಎಂ’ ಕೂಡ ಇದೇ ಮೆರಿದಿಯೆಸ್. ಮಧ್ಯಾಹ್ನಕ್ಕೆ ಮುಂಚೆ, ಮಧ್ಯಾಹ್ನದ ನಂತರ, ಅಷ್ಟೆ.

ಇಟಲಿಯವರ ದಿನದ ಮಾತಿನಲ್ಲಿ ಮೆರಿಜ್ಜಾರೆ ಈಗ ಅಪರೂಪ. ಅದು ಇನ್ನೂ ನೆನಪಿನಲ್ಲಿದ್ದರೆ ಅದಕ್ಕೆ ಜಿನೋವಾದಲ್ಲಿ ಹುಟ್ಟಿದ, 1975ರಲ್ಲಿ ನೊಬೆಲ್ ಪಡೆದ ಕವಿ ಎವುಜೆನಿಯೊ ಮೊಂತಾಲೆಯೂ ಕಾರಣ. 1925ರ ಅವನ ಮೊದಲ ಸಂಕಲನದ ಒಂದು ಪದ್ಯ ಈ ಪದದಿಂದಲೇ ಶುರುವಾಗುತ್ತದೆ. ಕಾದ ತೋಟದ ಗೋಡೆಯ ಪಕ್ಕ ಒಬ್ಬ ಮೈಮರೆತು ಕೂತಿದ್ದಾನೆ. ಮುಳ್ಳುಪೊದೆಯಲ್ಲಿ ಹಾವು ಸರಿದ ಸದ್ದು, ನೆಲದ ಬಿರುಕಿನಲ್ಲಿ ಕೆಂಪಿರುವೆಗಳ ಸಾಲು, ಎಲೆಗಳ ಸಂದಿಯಲ್ಲಿ ದೂರದ ಸಮುದ್ರದ ಮಿನುಗು. ಪದ್ಯದಲ್ಲೆಲ್ಲೂ ‘ನಾನು’ ಇಲ್ಲ. ನೆರಳಲ್ಲಿ ಕೂತವನಿಗೆ ಅದರ ಹಂಗೇಕೆ?

ಕೊನೆಯ ಚರಣದಲ್ಲಿ ಮಾತ್ರ ಕಣ್ಣು ಕುಕ್ಕುವ ಬಿಸಿಲಲ್ಲಿ ನಡಿಗೆ ಶುರುವಾಗುತ್ತದೆ. ಬದುಕೆಂದರೆ ಒಡೆದ ಬಾಟಲಿ ಚೂರುಗಳನ್ನು ನೆಟ್ಟ ಗೋಡೆಯ ಪಕ್ಕದಲ್ಲೇ ಸಾಗುವುದು ಎಂಬ ವಿಷಾದ ಆಗಲೇ ಹತ್ತಿಕೊಳ್ಳುವುದು. ವಿಮರ್ಶಕರು ಇಲ್ಲಿ ಅಸ್ತಿತ್ವದ ಪ್ರಶ್ನೆ ಎತ್ತುತ್ತಾರೆ. ನನಗಂತೂ ಆಸಾಮಿ ನೆರಳು ಬಿಟ್ಟು ಎದ್ದದ್ದೇ ತಪ್ಪು ಅನ್ನಿಸುತ್ತದೆ.