ಹತ್ತು ನಿಮಿಷದ ಹಾರಾಟಕ್ಕೆ ಒಂದು ಗಂಟೆ ಮೊದಲೇ ಫಾರಂ

ಹೋದ ಬೇಸಿಗೆಯಲ್ಲಿ ಅಪ್ಪನನ್ನು ನಾಲ್ಕು ಸೀಟಿನ ಸೆಸ್ನಾ 172 ವಿಮಾನದಲ್ಲಿ ಕೂರಿಸಿಕೊಂಡು ಅಮೆರಿಕದಿಂದ ಕೆನಡಾಗೆ ಹೋಗಿಬಂದೆ. ಫೋಟೋ ಹಾಕಿದ ಮೇಲೆ ಇನ್‌ಬಾಕ್ಸ್‌ಗೆ ಎರಡು ಥರದ ಪ್ರಶ್ನೆ ಬಂದವು. ಊರಿನವರು ಕೇಳಿದ್ದು, "ಅಪ್ಪನಿಗೆ ಭಯ ಆಗಲಿಲ್ವಾ?" ಇಲ್ಲಿ ಪೈಲಟ್ ಲೈಸೆನ್ಸ್ ಮಾಡಿಕೊಂಡಿರುವ ಗೆಳೆಯರು ಕೇಳಿದ್ದು, "ಪೇಪರ್ ವರ್ಕ್ ತುಂಬಾ ಇದೆಯಾ?" ಮೊದಲನೆಯದಕ್ಕೆ ಉತ್ತರ: ಅಪ್ಪನಿಗೆ ಆಗಲಿಲ್ಲ, ನನಗೆ ಆಯ್ತು. ಎರಡನೆಯದಕ್ಕೆ ಈ ಉದ್ದದ ಪೋಸ್ಟ್.

ನಾನಿರೋದು ಸಿಯಾಟಲ್ ಪಕ್ಕ. ಎವರೆಟ್‌ನ ಪೇನ್ ಫೀಲ್ಡ್‌ನಿಂದ ಕೆನಡಾದ ವಿಕ್ಟೋರಿಯಾಗೆ ಸುಮಾರು 65 ನಾಟಿಕಲ್ ಮೈಲಿ, ಅಂದರೆ 120 ಕಿಲೋಮೀಟರ್. ಬೆಂಗಳೂರಿಂದ ಮೈಸೂರಿಗೆ ಹೋಗುವುದಕ್ಕಿಂತ ಕಡಿಮೆ. ನಮ್ಮ ಫ್ಲೈಯಿಂಗ್ ಕ್ಲಬ್ಬಿನ ಸೆಸ್ನಾಗೆ ನಲವತ್ತು ನಿಮಿಷದ ಕೆಲಸ. ಆದರೂ ಲೈಸೆನ್ಸ್ ಬಂದು ನಾಲ್ಕು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಪಾಸ್‌ಪೋರ್ಟ್, ಕಸ್ಟಮ್ಸ್ ಅಂದ ಕೂಡಲೇ ನಮ್ಮಂಥವರಿಗೆ ಕಾನ್ಸುಲೇಟ್ ಮುಂದಿನ ಕ್ಯೂ ನೆನಪಾಗುತ್ತೆ, ಅಲ್ವಾ?

ಮಾಡಿ ನೋಡಿದ ಮೇಲೆ ಅನಿಸಿದ್ದು ಹೇಳ್ತೀನಿ. ಒಂದೊಂದು ಫಾರಂ ಸುಲಭವೇ. ಆದರೆ ಒಂದೊಂದಕ್ಕೂ ಅದರದೇ ಗಡಿಯಾರ. ಒಂದು ಇಲಾಖೆಯ ಗಡಿಯಾರ ಇನ್ನೊಂದು ಇಲಾಖೆಗೆ ಕಾಣಿಸೋದಿಲ್ಲ. ಎಡವೋದು ಅಲ್ಲೇ.

ನೋಡಿ. ಗಡಿ ದಾಟಬೇಕಾದರೆ ಫ್ಲೈಟ್ ಪ್ಲಾನ್, ಅಂದರೆ ಎಲ್ಲಿಂದ ಎಲ್ಲಿಗೆ, ಯಾವಾಗ ಹಾರ್ತೀವಿ ಅನ್ನೋ ವಿವರ, ಮೊದಲೇ ಹಾಕಲೇಬೇಕು. ಗಡಿ ಮುಟ್ಟುವ ಮುಂಚೆ ಏರ್ ಟ್ರಾಫಿಕ್ ಕಂಟ್ರೋಲರ್ ಜೊತೆ ರೇಡಿಯೋದಲ್ಲಿ ಮಾತಾಡುತ್ತಿರಬೇಕು, ಅವರು ಕೊಟ್ಟ ನಾಲ್ಕಂಕಿ ಕೋಡ್ ಟ್ರಾನ್ಸ್‌ಪಾಂಡರ್‌ನಲ್ಲಿ (ರೇಡಾರ್‌ಗೆ ನಮ್ಮ ವಿಮಾನದ ಗುರುತು ಹೇಳುವ ಉಪಕರಣ) ಇರಬೇಕು. ಇಷ್ಟು ವಿಮಾನದವರ ಲೆಕ್ಕ. ಕಸ್ಟಮ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಹೊರಡುವ ಒಂದು ಗಂಟೆ ಮೊದಲಾದರೂ ಅಮೆರಿಕದ ಗಡಿ ಇಲಾಖೆಗೆ ಇ-ಎಪಿಸ್ ವೆಬ್‌ಸೈಟ್‌ನಲ್ಲಿ ವಿಮಾನದಲ್ಲಿರುವವರ ಪಟ್ಟಿ ಕಳಿಸಬೇಕು. ಹೋಗುವಾಗ ಒಂದು, ಬರುವಾಗ ಇನ್ನೊಂದು. ಕೆನಡಾ ಕಸ್ಟಮ್ಸ್‌ಗೆ ಬೇರೆಯಾಗಿ ಫೋನ್ ಮಾಡಬೇಕು. ಅದೂ ಇಳಿಯೋದಕ್ಕೆ 48 ಗಂಟೆಗಿಂತ ಜಾಸ್ತಿ ಮೊದಲೂ ಅಲ್ಲ, 2 ಗಂಟೆಗಿಂತ ಕಡಿಮೆ ಇರುವಾಗಲೂ ಅಲ್ಲ. ಕ್ಲಬ್ಬಿನ ಹಿರಿಯರೊಬ್ಬರು "ಫ್ಲೈಟ್ ಪ್ಲಾನ್ ಕೊನೆಯಲ್ಲಿ ಆಡ್‌ಕಸ್ ಅಂತ ಬರಿ, ಅವರೇ ಕಸ್ಟಮ್ಸ್‌ಗೆ ತಿಳಿಸ್ತಾರೆ" ಅಂದರು. ಒಂದು ಕಾಲದಲ್ಲಿ ಹಾಗೆ ನಡೆಯುತ್ತಿತ್ತು. ಈಗ ಅದನ್ನು ನಂಬಿಕೊಂಡು ಹೊರಡಬೇಡಿ.

ನನ್ನನ್ನು ಜಾಸ್ತಿ ಸತಾಯಿಸಿದ್ದು ಅಪ್ಪನ ಹೆಸರು. ಊರು, ತಾತನ ಹೆಸರು, ಸ್ವಂತ ಹೆಸರು, ಎಲ್ಲ ಒಂದೇ ಸಾಲಿನಲ್ಲಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ. ಹೀಗಿದ್ದವರಿಗೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಹಾಕ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಎಪ್ಪತ್ತೆರಡು ವರ್ಷದ ಮನುಷ್ಯನಿಗೆ ಹೆಸರೇ ಗೊತ್ತಿಲ್ಲ! ನಾನು ಜಾಣತನ ಮಾಡಿ ಹೆಸರನ್ನು ಎರಡು ತುಂಡು ಮಾಡಿ ಪಟ್ಟಿಯಲ್ಲಿ ತುಂಬಿದೆ. ರಾತ್ರಿ ಮಲಗಿದಾಗ ಹೊಳೆಯಿತು, ವೀಸಾದಲ್ಲಿ ಇರುವುದಕ್ಕೂ ಇದಕ್ಕೂ ತಾಳೆ ಆಗಲ್ಲ. ಎದ್ದು ಮತ್ತೆ ತುಂಬಿದೆ, ಎಫ್‌ಎನ್‌ಯು ಸಮೇತ. ತಪ್ಪಾದರೆ ದಂಡ ಬೀಳುವುದು ಪೈಲಟ್‌ಗೇ, ನೆನಪಿರಲಿ.

ಇನ್ನೊಂದು ಪೆದ್ದುತನವನ್ನೂ ಹೇಳಿಬಿಡ್ತೀನಿ. ಅಪ್ಪನ ಹತ್ತಿರ ಅಮೆರಿಕದ ಹತ್ತು ವರ್ಷದ ವೀಸಾ ಇದೆಯಲ್ಲ, ಕೆನಡಾಗೂ ನಡೆಯುತ್ತೆ ಅಂದುಕೊಂಡಿದ್ದೆ. ನಡೆಯಲ್ಲ. ಭಾರತದ ಪಾಸ್‌ಪೋರ್ಟ್‌ಗೆ ಕೆನಡಾ ವೀಸಾ ಬೇರೆಯೇ ಬೇಕು. ಅದು ಕೈಗೆ ಬರುವವರೆಗೆ ಪ್ರಯಾಣ ಮುಂದೆ ಹೋಯಿತು. ಅಪ್ಪ ಮಾತ್ರ ದಿನಾ ಬೆಳಗ್ಗೆ ಕಾಫಿ ಕುಡಿಯುತ್ತಾ "ಇವತ್ತು ಹೋಗೋದಾ?" ಅನ್ನುತ್ತಿದ್ದರು.

ವಿಮಾನದ ಕಾಗದಗಳ ಬಗ್ಗೆ ಬೇಗ ಮುಗಿಸ್ತೀನಿ. ದೇಶದೊಳಗೆ ಹಾರುವಾಗ ಯಾರೂ ಕೇಳದ ಎರಡು ಇಲ್ಲಿ ಬೇಕು: ವಿಮಾನದ ರೇಡಿಯೋಗೆ ಲೈಸೆನ್ಸ್, ರೇಡಿಯೋದಲ್ಲಿ ಮಾತಾಡುವ ನಿಮಗೊಂದು ಪರ್ಮಿಟ್. ಎರಡನೆಯದಕ್ಕೆ ಪರೀಕ್ಷೆ ಇಲ್ಲ, ಒಮ್ಮೆ ದುಡ್ಡು ಕಟ್ಟಿದರೆ ಜೀವಮಾನಕ್ಕೆ ಆಯ್ತು. ಆ ವರ್ಷದ ಕಸ್ಟಮ್ಸ್ ಸ್ಟಿಕ್ಕರ್ ವಿಮಾನಕ್ಕೆ ಅಂಟಿರಬೇಕು. ಬಾಡಿಗೆ ವಿಮಾನವಾದರೆ ಕ್ಲಬ್ಬಿನಿಂದ ಒಂದು ಒಪ್ಪಿಗೆ ಪತ್ರ ಇಟ್ಟುಕೊಳ್ಳಿ, ಇನ್ಶೂರೆನ್ಸ್ ಕೆನಡಾದಲ್ಲೂ ನಡೆಯುತ್ತಾ ಅಂತ ಬಾಯಿ ಬಿಟ್ಟು ಕೇಳಿ.

ಇಷ್ಟೆಲ್ಲ ಗಲಾಟೆಯಲ್ಲಿ ಜನ ನೀರಿನ ಬಗ್ಗೆ ಯೋಚಿಸೋದೇ ಮರೀತಾರೆ. ನನಗೆ ನಿಜವಾಗಿ ಭಯ ಆಗಿದ್ದು ಅದರದ್ದು. ದಾರಿಯಲ್ಲಿ ದಾಟಬೇಕಾದ ಈ ಕಡಲು ಬೇಸಿಗೆಯಲ್ಲೂ ಐಸ್ ಬಾಕ್ಸ್‌ನಿಂದ ತೆಗೆದ ಬಾಟಲಿಯಷ್ಟು ತಣ್ಣಗಿರುತ್ತೆ. 172ರ ಇಂಜಿನ್ ನಿಂತರೆ, ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದೂವರೆ ಮೈಲಿ ತೇಲಿಕೊಂಡು ಹೋಗಬಹುದು. 5,500 ಅಡಿಯಲ್ಲಿದ್ದರೆ ಎಂಟು ಮೈಲಿ. ಮ್ಯಾಪ್ ಮೇಲೆ ಆ ಅಳತೆಯ ವೃತ್ತಗಳನ್ನು ಎಳೆದು ನೋಡಿ, ನೇರ ದಾರಿ ಬಿಟ್ಟು ಸ್ಯಾನ್ ವಾನ್ ದ್ವೀಪಗಳ ಮೇಲಿಂದ ಹೋಗುವ ದಾರಿ ಹಾಕಿದೆ. ಐದಾರು ನಿಮಿಷ ಜಾಸ್ತಿ. ಆಗಲಿ ಬಿಡಿ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೇ ಇತ್ತು. ವಿಮಾನದ ಒಳಗೆ ಅದರ ದಾರ ಎಳೆಯಬಾರದು, ಹೊರಗೆ ಬಂದ ಮೇಲೇ ಅಂತ ಅಪ್ಪನಿಗೆ ಮೂರು ಸಲ ಹೇಳಿದೆ. ನಾಲ್ಕನೇ ಸಲ ಅವರೇ ನನಗೆ ಹೇಳಿದರು.

ಇನ್ನು ಪೆಟ್ರೋಲು. ಅಮೆರಿಕದಲ್ಲಿ ಗ್ಯಾಲನ್, ಕೆನಡಾದಲ್ಲಿ ಲೀಟರ್. ನನಗೆ 20 ಗ್ಯಾಲನ್ ಬೇಕಿತ್ತು, 76 ಲೀಟರ್ ಅಂತ ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡೆ. ಅತಿಯಾಯ್ತು ಅನಿಸಬಹುದು. 1983ರ ಜುಲೈ 23ರಂದು ಏರ್ ಕೆನಡಾದ ಹೊಸಾ ಬೋಯಿಂಗ್ 767 ಒಂದು 41,000 ಅಡಿಯಲ್ಲಿ ಇಂಧನ ಖಾಲಿ ಮಾಡಿಕೊಂಡಿತು. ಲೀಟರನ್ನು ಕೆಜಿಗೆ ತಿರುಗಿಸುವಾಗ ಪೌಂಡಿನ ಲೆಕ್ಕ ಹಾಕಿದ್ದರು, ಬೇಕಾದ್ದರ ಅರ್ಧವೂ ತುಂಬಿರಲಿಲ್ಲ. ಪೈಲಟ್‌ಗಳು ಅದನ್ನು ಗ್ಲೈಡರ್ ಥರ ತೇಲಿಸಿಕೊಂಡು ಹೋಗಿ ಗಿಮ್ಲಿ ಅನ್ನೋ ಊರಿನ ಹಳೇ ವಾಯುನೆಲೆಯಲ್ಲಿ ಇಳಿಸಿದರು. ಯಾರ ಜೀವವೂ ಹೋಗಲಿಲ್ಲ. ಆ ಕ್ಯಾಪ್ಟನ್ ಪಕ್ಕ ಇನ್ನೊಬ್ಬ ಪೈಲಟ್ ಇದ್ದ. ನನ್ನ ಪಕ್ಕ ಚಿತ್ರಾನ್ನದ ಡಬ್ಬಿ ಹಿಡಿದ ಅಪ್ಪ.

ಹಾರಾಟದ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಚೆನ್ನಾಗಿತ್ತು. ಕಂಟ್ರೋಲರ್‌ಗಳು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಗಡಿ ಯಾವುದು ಅಂತ ಅಪ್ಪ ಕೆಳಗೆ ಹುಡುಕುತ್ತಿದ್ದರು. ಬರೀ ನೀರು, ಒಂದು ಫೆರ್ರಿ, ಅದರ ಹಿಂದೆ ಬಿಳಿ ಗೆರೆ.

ವಿಕ್ಟೋರಿಯಾದಲ್ಲಿ ಇಳಿದು ಹೇಳಿದ ಜಾಗದಲ್ಲಿ ನಿಲ್ಲಿಸಿದೆ. ಅಲ್ಲಿ ಯಾರೂ ಇರಲಿಲ್ಲ. ಅದೂ ಸರಿಯೇ, ಎಷ್ಟೋ ಸಲ ಅಧಿಕಾರಿ ಬರೋದೇ ಇಲ್ಲ. ಪೈಲಟ್ ಮತ್ತೆ ಅದೇ ನಂಬರಿಗೆ ಫೋನ್ ಮಾಡಿ ಬಂದಿದ್ದೀನಿ ಅನ್ನಬೇಕು, ಅವರು ಒಂದು ರಿಪೋರ್ಟ್ ನಂಬರ್ ಕೊಡಬೇಕು. ಅಲ್ಲಿಯವರೆಗೆ ಉಳಿದವರು ವಿಮಾನದಿಂದ ಕೆಳಗಿಳಿಯುವ ಹಾಗಿಲ್ಲ. ನಾನು ರೆಕ್ಕೆಯ ಕೆಳಗೆ ನಿಂತು ಫೋನ್ ಹಿಡಿದಿದ್ದೆ. ಆ ಕಡೆ ಸಂಗೀತ ಬರ್ತಾ ಇತ್ತು. ಅಪ್ಪ ಕಿಟಕಿ ತೆಗೆದು ಕಿರುಬೆರಳು ತೋರಿಸಿದರು. ಸ್ಕೂಲಿನಲ್ಲಿ ನಾವು ಮೇಷ್ಟ್ರಿಗೆ ತೋರಿಸುತ್ತಿದ್ದೆವಲ್ಲ, ಹಾಗೆ. ನಾನು ತಲೆ ಅಲ್ಲಾಡಿಸಿದೆ. ಹನ್ನೊಂದು ನಿಮಿಷ ಆದ ಮೇಲೆ ನಂಬರ್ ಸಿಕ್ಕಿತು. ಹೊರಡುವ ಮುಂಚೆ ಎಲ್ಲರೂ ಟಾಯ್ಲೆಟ್‌ಗೆ ಹೋಗಿ ಬರಬೇಕು ಅನ್ನೋದನ್ನು ನನ್ನ ಚೆಕ್‌ಲಿಸ್ಟ್‌ನಲ್ಲಿ ಈಗ ಮೊದಲನೇ ಸಾಲಿಗೆ ತಂದಿದ್ದೀನಿ.

ವಾಪಸ್ ಬರುವಾಗ ಅಮೆರಿಕದ ಕಸ್ಟಮ್ಸ್‌ಗೆ ಸ್ಯಾನ್ ವಾನ್ ದ್ವೀಪದ ಫ್ರೈಡೇ ಹಾರ್ಬರ್‌ನಲ್ಲಿ ಇಳಿಯೋದು ಅಂತ ಇತ್ತು. ವಿಕ್ಟೋರಿಯಾದಿಂದ ಅಲ್ಲಿಗೆ ಹತ್ತು ನಿಮಿಷ. ಆ ಹತ್ತು ನಿಮಿಷಕ್ಕೆ ಒಂದು ಗಂಟೆ ಮೊದಲೇ ಪಟ್ಟಿ ಹೋಗಿರಬೇಕು, ಅಲ್ಲಿನ ಅಧಿಕಾರಿಗೆ ಫೋನ್ ಮಾಡಿ ಸಮಯ ಹೇಳಿರಬೇಕು. ಬರುವ ದಿನದ ಪಟ್ಟಿಯನ್ನೂ ಮನೆಯಿಂದಲೇ ಕಳಿಸಿಬಿಡಿ, ಬೇರೆ ದೇಶದಲ್ಲಿ ಫೋನಿನ ಸಿಗ್ನಲ್ ನಂಬಿ ಕೂರಬೇಡಿ. ಇನ್ನೊಂದು ವಿಷಯ. ಅಮೆರಿಕದಲ್ಲಿ ನಮ್ಮ ಫ್ಲೈಟ್ ಪ್ಲಾನ್ ಅನ್ನು ನಾವೇ ಶುರು ಮಾಡಬೇಕು. ಕೆನಡಾದಲ್ಲಿ ಬರೆದ ಸಮಯಕ್ಕೆ ಅದು ತಾನೇ ಶುರುವಾಗಿಬಿಡುತ್ತೆ. ನೀವು ಇನ್ನೂ ಕಾಫಿ ಕುಡೀತಾ ಕೂತಿದ್ದರೂ ಲೆಕ್ಕದಲ್ಲಿ ಆಕಾಶದಲ್ಲಿರ್ತೀರಿ.

ನಾನು ತಡ ಆಗಬಾರದು ಅಂತ ಬೇಗ ಹೊರಟುಬಿಟ್ಟೆ. ಅಧಿಕಾರಿಗೆ ಹೇಳಿದ್ದು ಮೂರೂವರೆ. ಮೂರು ಇಪ್ಪತ್ತಕ್ಕಿಂತ ಮೊದಲೇ ದ್ವೀಪ ಕಾಣಿಸಿತು. ಬೇಗ ತಲುಪಿದರೆ ಹೆಮ್ಮೆಪಡುವ ಜಾತಿ ನಾವು ಪೈಲಟ್‌ಗಳು. ಕಸ್ಟಮ್ಸ್‌ಗೆ ಬೇಗ ಬರುವುದೂ ತಪ್ಪೇ. ಕಂಟ್ರೋಲರ್‌ಗೆ ಹೇಳಿ ದ್ವೀಪದ ಉತ್ತರದ ತುದಿಯ ಮೇಲೆ ಸುತ್ತು ಹಾಕತೊಡಗಿದೆ. ಅಪ್ಪ ಹೆಡ್‌ಸೆಟ್‌ನಲ್ಲಿ, "ಆ ಕೆಂಪು ಹೆಂಚಿನ ಮನೆ ಮೂರನೇ ಸಲ ನೋಡ್ತಾ ಇದ್ದೀನಿ ಕಣೋ" ಅಂದರು.

3:31ಕ್ಕೆ ಚಕ್ರ ನೆಲ ಮುಟ್ಟಿತು. ಅಧಿಕಾರಿ ಆಗಲೇ ಬಂದು ನಿಂತಿದ್ದರು. ಪಾಸ್‌ಪೋರ್ಟ್ ತಿರುವಿ, ವೀಸಾದಲ್ಲಿದ್ದ ಎಫ್‌ಎನ್‌ಯು ನೋಡಿ, ಕೈಯಲ್ಲಿದ್ದ ಪಟ್ಟಿ ನೋಡಿ ತಲೆ ಆಡಿಸಿದರು. ಆಮೇಲೆ ಹಣ್ಣು, ತರಕಾರಿ ಏನಾದರೂ ಇದೆಯಾ ಅಂತ ಕೇಳಿದರು. ಅಪ್ಪ ಚಿತ್ರಾನ್ನದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಅವರ ಮುಂದೆ ಹಿಡಿದರು. ತಳದಲ್ಲಿ ಎರಡು ಕಡಲೆಬೀಜ ಇತ್ತು.