ಕಾಂಕರ್ಡ್ ಊರಿನವರ ಆಕ್ಷೇಪ ಮತ್ತು ನಮ್ಮೂರ ಗ್ರಾಮಸಭೆ

ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಸಣ್ಣ ಊರಿನಲ್ಲಿ ನಾನು ಹನ್ನೊಂದು ವರ್ಷಗಳಿಂದ ಇದ್ದೇನೆ. ಪ್ರತಿ ವರ್ಷ ಹಿಮ ಕರಗಿದ ಮೇಲೆ ಇಲ್ಲಿನ ಶಾಲೆಯ ಸಭಾಂಗಣದಲ್ಲಿ ಟೌನ್ ಮೀಟಿಂಗ್, ಅಂದರೆ ಊರಿನ ಖರ್ಚುವೆಚ್ಚವನ್ನು ಮತದಾರರೇ ಕೂತು ತೀರ್ಮಾನಿಸುವ ಸಭೆ, ಸೇರುತ್ತದೆ. ನಾನು ಈ ದೇಶದ ಪ್ರಜೆಯಲ್ಲ. ಮತವಿಲ್ಲದವರಿಗೆಂದು ಮೀಸಲಿಟ್ಟ ಹಿಂದಿನ ಸಾಲಿನಲ್ಲಿ ಕುಳಿತು ನೋಡುತ್ತೇನೆ. ಕಳೆದ ಸಲ ಹೊಸ ಅಗ್ನಿಶಾಮಕ ವಾಹನ ಕೊಳ್ಳುವ ವಿಷಯಕ್ಕೇ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಹಳೆಯದನ್ನೇ ರಿಪೇರಿ ಮಾಡಿಸಿದರೆ ಎಷ್ಟಾಗುತ್ತದೆ ಎಂದು ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತು ಕೇಳಿದರು. ಊರಿನ ಆಡಳಿತ ಮಂಡಳಿಯವರು ಕಡತ ತೆರೆದು ಲೆಕ್ಕ ಹೇಳಿದರು. ಆಮೇಲೆ ಬಣ್ಣದ ಚೀಟಿಗಳು ಮೇಲೆದ್ದವು, ಎಣಿಕೆಯಾಯಿತು.

ಅಮೆರಿಕದ ಸಂವಿಧಾನವೆಂದರೆ ನಮಗೆ ನೆನಪಾಗುವುದು 1787ರ ಫಿಲಡೆಲ್ಫಿಯಾ, ಅಧ್ಯಕ್ಷ ಪೀಠದಲ್ಲಿ ಕುಳಿತ ಜಾರ್ಜ್ ವಾಷಿಂಗ್ಟನ್, ಸಹಿ ಹಾಕಿದ 39 ಮಂದಿ. ಆದರೆ ಆ ವಿಚಾರದ ಬೇರು ಇಂಥ ಊರ ಸಭೆಗಳಲ್ಲಿದೆ ಎಂಬುದು ಇಲ್ಲಿಗೆ ಬಂದ ಮೇಲೆ ನನಗೆ ತಿಳಿಯಿತು. 1776ರಲ್ಲಿ, ಸ್ವಾತಂತ್ರ್ಯ ಘೋಷಣೆಯಾಗಿ ಕೆಲವೇ ತಿಂಗಳಾಗಿದ್ದಾಗ, ಇಲ್ಲಿನ ಶಾಸನಸಭೆ ರಾಜ್ಯಕ್ಕೊಂದು ಸಂವಿಧಾನವನ್ನು ತಾನೇ ಬರೆಯುತ್ತೇನೆಂದು ಊರೂರುಗಳ ಒಪ್ಪಿಗೆ ಕೇಳಿತು. ಕಾಂಕರ್ಡ್ ಊರಿನವರು ಅಕ್ಟೋಬರ್‌ನಲ್ಲಿ ಸಭೆ ಸೇರಿ ಆಗದು ಎಂದರು. ಆಳುವವರ ಅತಿಕ್ರಮಣದಿಂದ ಜನರನ್ನು ಕಾಯುವುದಕ್ಕೆ ಸಂವಿಧಾನ ಇರುವುದು. ಅದನ್ನು ಬರೆದ ಶಾಸನಸಭೆ ತನಗೆ ಬೇಕಾದಾಗ ತಿದ್ದಬಹುದಾದರೆ ಕಾವಲು ಎಲ್ಲಿ ಉಳಿಯಿತು ಎಂಬುದು ಅವರ ವಾದ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ನಾವು ಹೇಳುವುದನ್ನೇ ಅವರು ನಿರ್ಣಯವಾಗಿ ಬರೆದಿಟ್ಟರು. ಸಂವಿಧಾನ ಬರೆಯುವುದಕ್ಕೆಂದೇ ಬೇರೊಂದು ಸಭೆಯನ್ನು ಜನ ಆರಿಸಬೇಕೆಂದು ಕೇಳಿದರು.

ಶಾಸನಸಭೆ ಕೇಳಲಿಲ್ಲ, ತಾನೇ ಬರೆಯಿತು. 1778ರಲ್ಲಿ ಊರುಗಳು ಆ ಕರಡನ್ನು ಭಾರೀ ಬಹುಮತದಿಂದ ತಿರಸ್ಕರಿಸಿದವು. ಅದರಲ್ಲಿ ಹಕ್ಕುಗಳ ಪಟ್ಟಿ ಇಲ್ಲ ಎಂಬುದು ಒಂದು ಮುಖ್ಯ ದೂರು. ಮರುವರ್ಷ ಪ್ರತ್ಯೇಕ ಸಭೆ ಆಯ್ಕೆಯಾಯಿತು, ಕರಡಿನ ಹೆಚ್ಚಿನ ಭಾಗವನ್ನು ಜಾನ್ ಆಡಮ್ಸ್ ಬರೆದರು, ಅದು ಮತ್ತೆ ಊರುಗಳಿಗೆ ಬಂತು. 1780ರಲ್ಲಿ ಜಾರಿಗೆ ಬಂದ ಆ ಸಂವಿಧಾನ ತಿದ್ದುಪಡಿಗಳೊಂದಿಗೆ ಇಂದಿಗೂ ಈ ರಾಜ್ಯವನ್ನು ಆಳುತ್ತಿದೆ. ಒಕ್ಕೂಟದ ಸಂವಿಧಾನಕ್ಕೂ ಇದೇ ಪರೀಕ್ಷೆ ಎದುರಾಯಿತು. 1788ರ ಫೆಬ್ರುವರಿಯಲ್ಲಿ ಮ್ಯಾಸಚೂಸೆಟ್ಸ್ ಅದನ್ನು ಒಪ್ಪಿದ್ದು 187ಕ್ಕೆ 168 ಮತಗಳಿಂದ, ಅದೂ ಬೇಕಾದ ತಿದ್ದುಪಡಿಗಳ ಪಟ್ಟಿಯನ್ನು ಜೊತೆಗಿಟ್ಟು. 1791ರಲ್ಲಿ ಸೇರಿದ ಮೊದಲ ಹತ್ತು ತಿದ್ದುಪಡಿಗಳ ಹಿಂದೆ ಇಂಥ ಒತ್ತಾಯವಿತ್ತು.

ಇದನ್ನೆಲ್ಲ ಬರೆಯುವಾಗ ಆ ಸಭೆಗಳಲ್ಲಿ ಯಾರಿರಲಿಲ್ಲ ಎಂಬುದನ್ನು ಮರೆಯಲಾರೆ. ಹೆಂಗಸರಿಗೆ ಮತವಿರಲಿಲ್ಲ. ಫಿಲಡೆಲ್ಫಿಯಾದವರು ರಾಜ್ಯಗಳ ಪ್ರಾತಿನಿಧ್ಯದ ಲೆಕ್ಕದಲ್ಲಿ ಗುಲಾಮರನ್ನು ಐದರಲ್ಲಿ ಮೂರು ಪಾಲೆಂದು ಎಣಿಸಿದರು. ಇದೇ ರಾಜ್ಯದ ಶೆಫೀಲ್ಡ್‌ನಲ್ಲಿ, ಮುಂದೆ ಎಲಿಜಬೆತ್ ಫ್ರೀಮನ್ ಎಂದು ಹೆಸರಾದ ಬೆಟ್ ಎಂಬಾಕೆ ಗುಲಾಮಳಾಗಿದ್ದಳು. ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದು 1780ರ ಸಂವಿಧಾನ ಹೇಳುತ್ತದೆಯಲ್ಲ, ಹಾಗಾದರೆ ನಾನು? ಈ ಪ್ರಶ್ನೆ ಹಿಡಿದು ಆಕೆ ನ್ಯಾಯಾಲಯಕ್ಕೆ ಹೋದಳು, 1781ರಲ್ಲಿ ಗೆದ್ದಳು. ಊರ ಸಭೆ ಅವಳನ್ನು ಬಿಡಿಸಲಿಲ್ಲ. ಬಿಡಿಸಿದ್ದು ಬರೆದಿಟ್ಟ ಮಾತು ಮತ್ತು ಅದನ್ನು ಎತ್ತಿಹಿಡಿದ ನ್ಯಾಯಾಲಯ.

ಹಳ್ಳಿ ಎಂದರೆ ಸಂಕುಚಿತತೆಯ ಕೊಂಪೆ ಎಂಬ ಅರ್ಥದಲ್ಲಿ ಅಂಬೇಡ್ಕರ್ ಅವರು 1948ರಲ್ಲಿ ಸಂವಿಧಾನ ಸಭೆಯಲ್ಲಿ ಆಡಿದ ಮಾತನ್ನು ನಾನು ಇದರ ಪಕ್ಕದಲ್ಲಿಟ್ಟು ಓದುತ್ತೇನೆ. ನಮ್ಮ ಕೇರಿಗಳನ್ನು ಕಂಡವರಿಗೆ ಅವರ ಭಯ ಅರ್ಥವಾಗುತ್ತದೆ. ಅಮೆರಿಕದಲ್ಲಿ ಹೆಂಗಸರಿಗೆ ದೇಶದಾದ್ಯಂತ ಮತ ಸಿಕ್ಕಿದ್ದು 1920ರಲ್ಲಿ, ಕರಿಯರ ಮತದ ಹಕ್ಕಿಗೆ ಗಟ್ಟಿಯಾದ ಕಾನೂನು ಬಂದಿದ್ದು 1965ರಲ್ಲಿ. ನಾವು ಮೊದಲ ಮಹಾಚುನಾವಣೆಯಲ್ಲೇ ವಯಸ್ಕರೆಲ್ಲರಿಗೂ ಮತ ಕೊಟ್ಟೆವು. ಇದು ಸಣ್ಣ ಸಾಧನೆಯಲ್ಲ, ಇಲ್ಲಿನ ಗೆಳೆಯರಿಗೆ ನಾನಿದನ್ನು ಎದೆಯುಬ್ಬಿಸಿ ಹೇಳುತ್ತೇನೆ.

ಆದರೆ ಒಂದು ಕೊರತೆ ಉಳಿಯಿತು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅವರು ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಬಂದು ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರಂಥವರ ಸಲಹೆ ಪಡೆದರು. ಕಾನೂನಿನ ತಿಳಿವಳಿಕೆಯನ್ನು ಹೀಗೆ ತರಬಹುದು. ಎದ್ದು ನಿಂತು ಲೆಕ್ಕ ಕೇಳುವ ರೂಢಿಯನ್ನು ಯಾವ ಪಂಡಿತರೂ ತಂದುಕೊಡಲಾರರು. ನಮ್ಮ ಕರಡು ಊರೂರಿಗೆ ಬಂದು ಜನರ ಮತಕ್ಕೆ ಬೀಳಲಿಲ್ಲ.

ಈಗ ನಮ್ಮಲ್ಲೂ ಕಾನೂನಿದೆ. ಕರ್ನಾಟಕದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಕಾಯ್ದೆ, ಬಳಿಕ 1993ರ ಪಂಚಾಯತ್ ರಾಜ್ ಕಾಯ್ದೆ ಬಂದವು. ಅಂಬೇಡ್ಕರ್ ಅವರು ಹೆದರಿದ ಹಳ್ಳಿಯಲ್ಲಿ ಇಂದು ಪರಿಶಿಷ್ಟರಿಗೂ ಹೆಂಗಸರಿಗೂ ಮೀಸಲು ಸ್ಥಾನಗಳಿವೆ. ಹೀಗಿರುವಾಗ ಗ್ರಾಮಸಭೆಯನ್ನು ಕಾಟಾಚಾರಕ್ಕೆ ನಡೆಸುವುದಕ್ಕೆ ಯಾವ ನೆಪವೂ ಇಲ್ಲ ಎಂದು ನಾನು ಖಚಿತವಾಗಿ ನಂಬುತ್ತೇನೆ. ಎರಡು ವರ್ಷದ ಹಿಂದೆ ಊರಿಗೆ ಹೋಗಿದ್ದಾಗ ನಡಾವಳಿ ಪುಸ್ತಕ ಮನೆಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋಯಿತು. ಸಭೆ ನಡೆದಿರಲಿಲ್ಲ. ನನ್ನ ಚಿಕ್ಕಮ್ಮ ಬೆರಳಚ್ಚು ಒತ್ತಿ ಒಳಗೆ ಹೋದರು. ಆ ದಿನದ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ.

ನನ್ನ ತಂಗಿ ಈಗ ಅದೇ ಪಂಚಾಯಿತಿಯ ಸದಸ್ಯೆ. ಇಲ್ಲಿ ವಾರ್ಷಿಕ ಸಭೆಗೆ ಏಳು ದಿನ ಮೊದಲೇ ವಿಷಯಗಳ ಪಟ್ಟಿ ಹಚ್ಚಬೇಕು, ಪಟ್ಟಿಯಲ್ಲಿಲ್ಲದ್ದನ್ನು ನಿರ್ಧರಿಸುವಂತಿಲ್ಲ ಎಂದು ಅವಳಿಗೆ ಹೇಳಿ, ಆ ಹಾಳೆಯ ಚಿತ್ರ ಕಳಿಸಿದ್ದೆ. ಹೋದ ವಾರ ಫೋನ್ ಮಾಡಿದ್ದಳು. “ಅಣ್ಣ, ನಾವೂ ಮೊದಲೇ ಪಟ್ಟಿ ಅಂಟಿಸುತ್ತೇವೆ, ಹಾಲಿನ ಡೈರಿಯ ಗೋಡೆಗೆ,” ಎಂದಳು. ಪಂಚಾಯಿತಿ ಕಚೇರಿಯ ಗೋಡೆಗೆ ಏಕಲ್ಲ ಎಂದು ಕೇಳಿದೆ. “ಕಚೇರಿಗೆ ಎಲ್ಲರೂ ಬರುವುದಿಲ್ಲ. ಬೆಳಿಗ್ಗೆ ಹಾಲು ಹಾಕುವುದಕ್ಕೆ ಕಾಲೋನಿಯವರೂ ಮೇಲಿನ ಕೇರಿಯವರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ.”